ಮರೆವಿನ ಮನೆಯ ಜಮಾಖರ್ಚು

(ಬಾನುಲಿ ಭಾಷಣ)

ಕನ್ನಡದಲ್ಲಿ ಮುಪ್ಪನ್ನು ಕುರಿತ ಮಾತುಗಳಿಗೆ ಬರವಿಲ್ಲ. ಅವುಗಳಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವುದು 'ಅರವತ್ತಕ್ಕೆ ಅರಳು ಮರಳು' ಎಂಬುದು. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಈ ಮಾತನ್ನು ಆಡಿ ನಗುತ್ತೇವೆ. ಊಟ ಮಾಡಿ ಎದ್ದ ಅರ್ಧ ಗಂಟೆಗೆ, 'ಈ ಮನೆಯಲ್ಲಿ ನನಗೆ ಅನ್ನ ಹಾಕುವವರಿಲ್ಲ' ಎಂದು ಅವರು ನೆರೆಯವರೊಡನೆ ದೂರಿದಾಗಲೂ ಇದೇ ಮಾತನ್ನು ಆಡಿ ಸುಮ್ಮನಾಗುತ್ತೇವೆ. ವರಕವಿ ಬೇಂದ್ರೆಯವರು ಈ ನುಡಿಗಟ್ಟನ್ನೇ ತಮ್ಮ ಕವಿತೆಗಳ ಸಂಪುಟಕ್ಕೆ ಹೆಸರಾಗಿ ಇಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮರಳಿ ಅರಳುವುದು ಎಂಬ ಅರ್ಥವೂ ಆ ಮಾತಿನೊಳಗೆ ಅಡಗಿದೆಯಲ್ಲವೆ ಎಂದು ಓದುಗರು ಬೆರಗಾದರು. ಕವಿಯ ಅರವತ್ತು ಹಾಗಿರುತ್ತದೆ. ಎಲ್ಲರ ಅರವತ್ತು, ಎಪ್ಪತ್ತು, ಎಂಬತ್ತು ಹಾಗಿರುವುದಿಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಮರಳಿ ಅರಳದ ಮುಪ್ಪನ್ನು ಕುರಿತು; ಅದರಲ್ಲೂ ಅದರ ಖರ್ಚುವೆಚ್ಚವನ್ನು ಕುರಿತು. ನಾನು ವೈದ್ಯನಲ್ಲ. ಕಾಲೇಜೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಲೆಕ್ಕ ಕಲಿಸುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಪುಸ್ತಕ ಕೈಗೆ ಬಂದರೂ ಅದರಲ್ಲಿ ಏನು ಬರೆದಿದೆ ಎಂದು ನೋಡುವುದಕ್ಕಿಂತ ಮೊದಲು ಏನನ್ನು ಬರೆದಿಲ್ಲ ಎಂದು ಹುಡುಕುತ್ತಾನೆ. ಮರೆವಿನ ರೋಗ ಹೊಕ್ಕ ಮನೆಗಳ ಲೆಕ್ಕವನ್ನು ಆ ಕಣ್ಣಿನಿಂದಲೇ ನಾನು ನೋಡಿದ್ದೇನೆ.

ಮೊದಲು ರೋಗದ ಮಾತು. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ. ವಯಸ್ಸಾದವರಿಗೆಲ್ಲ ಬರುವ ಸಣ್ಣ ಮರೆವು ಬೇರೆ, ಇದು ಬೇರೆ. ಬೀಗದ ಕೈಯನ್ನು ಎಲ್ಲಿಟ್ಟೆನೆಂಬುದನ್ನು ಮರೆಯುವುದು ಮುಪ್ಪು. ಬೀಗದ ಕೈ ಇರುವುದು ಏತಕ್ಕೆಂಬುದನ್ನೇ ಮರೆಯುವುದು ರೋಗ. ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲನೆ ನಶಿಸುತ್ತ ಹೋಗಿ, ಮೊದಲು ಈ ದಿನದ ಸಂಗತಿಗಳು, ಅನಂತರ ಹೆಸರುಗಳು, ದಾರಿಗಳು, ಕೊನೆಗೆ ಉಡುವುದು, ಉಣ್ಣುವುದು, ನುಂಗುವುದು ಕೂಡ ಮರೆತುಹೋಗುತ್ತವೆ. ಇದಕ್ಕೆ ಕಾರಣಗಳು ಹಲವು. ರೋಗಿಗಳಲ್ಲಿ ಶೇಕಡಾ 60ರಿಂದ 70ರಷ್ಟು ಮಂದಿಯಲ್ಲಿ ಕಾಣುವುದು ಆಲ್ಜೈಮರ್ ಕಾಯಿಲೆ. ಅದನ್ನು ವಾಸಿಮಾಡುವ ಔಷಧ ಇಂದಿಗೂ ಇಲ್ಲ. ಬಳಕೆಯಲ್ಲಿರುವ ಮಾತ್ರೆಗಳು ಲಕ್ಷಣಗಳನ್ನು ಕೆಲಕಾಲ ಹಿಡಿದಿಡುತ್ತವೆ. 2023ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ, ರೋಗದ ಆರಂಭದಲ್ಲಿರುವವರಲ್ಲಿ ಮಾತ್ರ ಅದರ ನಡಿಗೆಯನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ಅಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ ವರ್ಷಕ್ಕೆ 26,500 ಡಾಲರ್. ಆದ್ದರಿಂದ ಈ ರೋಗದಲ್ಲಿ ಚಿಕಿತ್ಸೆಗಿಂತ ಆರೈಕೆಯೇ ದೊಡ್ಡದು. ಆರೈಕೆಯೆಂದರೆ ಇನ್ನೊಬ್ಬ ಮನುಷ್ಯನ ಹೊತ್ತು. ರೋಗಿಯ ಆಯುಸ್ಸಿನೊಡನೆ ಆ ಇನ್ನೊಬ್ಬರ ಆಯುಸ್ಸೂ ಸವೆಯುತ್ತದೆ.

ಈ ಕಾಯಿಲೆಯ ಚರಿತ್ರೆಯ ಮೊದಲ ಪುಟದಲ್ಲೇ ಹಣದ ಪ್ರಶ್ನೆಯಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟ್ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಆಕೆಯ ಗಂಡ ಸೇರಿಸಿದ. ಆತ ರೈಲ್ವೆಯ ಗುಮಾಸ್ತ. ಅಲ್ಲಿ ಆಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಜೈಮರ್. ವರ್ಷಗಳು ಕಳೆದಂತೆ ಆಸ್ಪತ್ರೆಯ ಖರ್ಚನ್ನು ಹೊರುವುದು ಕಷ್ಟವಾಗಿ, ಹೆಂಡತಿಯನ್ನು ಕಡಿಮೆ ವೆಚ್ಚದ ಬೇರೆ ಕಡೆಗೆ ಸಾಗಿಸಬೇಕೆಂದು ಆ ಗುಮಾಸ್ತ ಕೇಳಿಕೊಂಡ. ಆಕೆ ಅಲ್ಲಿಯೇ ಉಳಿಯುವಂತೆ ಆಲ್ಜೈಮರ್ ನೋಡಿಕೊಂಡ. 1906ರಲ್ಲಿ ಆಕೆ ತೀರಿಕೊಂಡಳು; ಅದೇ ವರ್ಷ ಆಕೆಯ ಮಿದುಳಿನ ಪರೀಕ್ಷೆಯ ವಿವರಗಳನ್ನು ಆತ ವೈದ್ಯರ ಸಭೆಯ ಮುಂದಿಟ್ಟ. 1910ರಲ್ಲಿ ಕಾಯಿಲೆಗೆ ಅವನ ಹೆಸರು ಬಂತು. ವೈದ್ಯನ ಹೆಸರು ಲೋಕಕ್ಕೆಲ್ಲ ತಿಳಿಯಿತು. ಬಿಲ್ಲು ಕಟ್ಟಲು ಹೆಣಗಿದ ಗುಮಾಸ್ತನ ನೆನಪು ಯಾರಿಗೂ ಉಳಿಯಲಿಲ್ಲ. ಇಂದು ಅಂಥ ಗುಮಾಸ್ತರು ಕೋಟಿಗಟ್ಟಲೆ ಇದ್ದಾರೆ.

ನಮ್ಮ ದೇಶದ ಮಟ್ಟಿಗೆ ಲೆಕ್ಕ ಹೀಗಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆಂಬ ಅಂದಾಜಿದೆ. ದೇಶದ ನಾನಾ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಈ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. 2036ರ ಹೊತ್ತಿಗೆ ಸಂಖ್ಯೆ 1 ಕೋಟಿ 69 ಲಕ್ಷಕ್ಕೆ ಏರೀತೆಂದು ಅದೇ ಅಧ್ಯಯನ ಹೇಳುತ್ತದೆ. ಇದು ಸಿರಿವಂತರ ಕಾಯಿಲೆ, ನಗರದವರ ಕಾಯಿಲೆ, ಪಶ್ಚಿಮದ ದೇಶಗಳ ಕಾಯಿಲೆ ಎಂದುಕೊಂಡಿದ್ದವರು ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು.

ಅಂಕಿಗಳಿಂದ ಮನೆಯೊಳಗೆ ಬರೋಣ. ನಮ್ಮ ಬೀದಿಯಲ್ಲಿಯೇ ಇರುವ ಒಂದು ಕುಟುಂಬವನ್ನು ನಾನು ಹತ್ತಿರದಿಂದ ಬಲ್ಲೆ. ಹೆಸರು ಬೇಡ. ಮಗ ನನ್ನ ಹಳೆಯ ವಿದ್ಯಾರ್ಥಿ. ತಾಯಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವರು. ಊರಿನ ಎರಡು ತಲೆಮಾರಿನ ಮಕ್ಕಳಿಗೆ ಮಗ್ಗಿ ಕಲಿಸಿದ ಆ ತಾಯಿಗೆ ಎಪ್ಪತ್ತೆರಡರಲ್ಲಿ ಅಂಗಡಿಯ ಚಿಲ್ಲರೆ ಎಣಿಸುವುದು ತಪ್ಪತೊಡಗಿತು. ಎಪ್ಪತ್ತೈದರಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ, 'ಕತ್ತಲಾಯಿತು, ನಾನು ಮನೆಗೆ ಹೋಗಬೇಕು, ಅಪ್ಪ ಬಯ್ಯುತ್ತಾರೆ' ಎಂದು ಚೀಲ ಹಿಡಿದು ಬಾಗಿಲಿಗೆ ಬರುವರು. ತಾವು ಕಟ್ಟಿಸಿದ ಮನೆಯಲ್ಲಿ ನಿಂತು ಅವರು ಕೇಳುತ್ತಿದ್ದುದು ಅರವತ್ತು ವರ್ಷದ ಹಿಂದಿನ ತವರುಮನೆಯನ್ನು. ಒಂದು ಸಲ ಗೇಟು ತೆಗೆದಿದ್ದಾಗ ಹೊರಟೇಹೋದರು. ರಾತ್ರಿ ಹತ್ತಕ್ಕೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮರುವಾರ ಸೊಸೆ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಆಕೆ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದವಳು.

ಮಗ ಲೆಕ್ಕದಲ್ಲಿ ಅಚ್ಚುಕಟ್ಟು. ಸಾಲವೊಂದರ ವಿಷಯವಾಗಿ ಸಲಹೆ ಬೇಕೆಂದು ಮನೆಯ ಜಮಾಖರ್ಚಿನ ಪುಸ್ತಕವನ್ನು ನನ್ನ ಮುಂದೆ ತೆರೆದ. ಔಷಧ, ವೈದ್ಯರ ಶುಲ್ಕ, ಸ್ಕ್ಯಾನಿಂಗ್, ಗೇಟಿಗೆ ಹೊಸ ಬೀಗ, ಬಚ್ಚಲಿನ ಗೋಡೆಗೆ ಹಿಡಿಕೆ, ಡೈಪರು, ರಾತ್ರಿ ಹೊತ್ತಿನ ಆಯಾಳ ಸಂಬಳ, ಆಕೆ ಬಾರದ ದಿನಗಳಿಗೆ ಇನ್ನೊಬ್ಬಳ ಸಂಬಳ: ಎಲ್ಲವೂ ದಿನಾಂಕದೊಡನೆ ಬರೆದಿದ್ದವು. ಕಾಫಿ ತಂದಿಟ್ಟ ಸೊಸೆ ಪುಸ್ತಕದ ಕಡೆ ನೋಡಿ, 'ಮೇಷ್ಟ್ರೇ, ಲೆಕ್ಕವೆಲ್ಲ ಸರಿಯಾಗಿಯೇ ಇದೆ. ನಾನು ಬಿಟ್ಟ ಸಂಬಳವನ್ನು ಯಾವ ಕಡೆ ಬರೆಯಬೇಕು, ಜಮಾಕ್ಕೊ ಖರ್ಚಿಗೊ?' ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ, ಅತ್ತೆಯ ಮೇಲೆ ಬೇಸರವೂ ಇರಲಿಲ್ಲ. ಅದು ಒಬ್ಬ ವಿಜ್ಞಾನದ ಅಧ್ಯಾಪಕಿ ಕೇಳಿದ ಶುದ್ಧ ಪ್ರಶ್ನೆ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಅವಕಾಶದ ವೆಚ್ಚವೆಂಬ ಹೆಸರಿದೆ. ಒಂದನ್ನು ಮಾಡಲೆಂದು ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಹೆಸರಿದ್ದರೂ ಅದನ್ನು ಬರೆಯಲು ಮನೆಯ ಪುಸ್ತಕದಲ್ಲಿ ಕಾಲಂ ಇಲ್ಲ. ದೇಶದ ಪುಸ್ತಕದಲ್ಲಿಯೂ ಇಲ್ಲ.

ಆಕೆ ಕೇಳಿದ್ದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಇಬ್ಬರು ತಜ್ಞರು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಬ್ಬ ರೋಗಿಯ ಆರೈಕೆಗೆ ಕುಟುಂಬಕ್ಕೆ ತಗಲುವ ವಾರ್ಷಿಕ ವೆಚ್ಚವನ್ನು ಅಂದಾಜು ಮಾಡಿದ್ದರು. ರೋಗದ ತೀವ್ರತೆಗೆ ತಕ್ಕಂತೆ ಅದು ಪಟ್ಟಣಗಳಲ್ಲಿ 45,600 ರೂಪಾಯಿಯಿಂದ 2,02,450 ರೂಪಾಯಿಯವರೆಗೆ, ಹಳ್ಳಿಗಳಲ್ಲಿ 20,300 ರೂಪಾಯಿಯಿಂದ 66,025 ರೂಪಾಯಿಯವರೆಗೆ ಇತ್ತು. ಅದು ಹತ್ತು ವರ್ಷಕ್ಕೂ ಹಿಂದಿನ ಬೆಲೆ. ಅದಕ್ಕೂ ಮೊದಲು, 2010ರಲ್ಲಿ ಹೊರಬಂದ ಭಾರತದ ಡಿಮೆನ್ಶಿಯಾ ವರದಿ, ಇಡೀ ದೇಶಕ್ಕೆ ಆಗುವ ವೆಚ್ಚ ವರ್ಷಕ್ಕೆ 14,700 ಕೋಟಿ ರೂಪಾಯಿ ಎಂದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮನೆಯವರು ಸಂಬಳವಿಲ್ಲದೆ ಮಾಡುವ ಆರೈಕೆಯದು.

ಲೋಕದ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಈ ರೋಗಕ್ಕಾಗಿ ಜಗತ್ತು ತೆತ್ತ ಬೆಲೆ 1 ಲಕ್ಷ 30 ಸಾವಿರ ಕೋಟಿ ಡಾಲರ್. ಅದರಲ್ಲಿ ಆಸ್ಪತ್ರೆ, ಔಷಧಗಳ ಪಾಲು ಶೇಕಡಾ 16 ಮಾತ್ರ. ಸಂಬಳವಿಲ್ಲದ ಆರೈಕೆಯ ಪಾಲು ಶೇಕಡಾ 50. ಒಬ್ಬ ರೋಗಿಗೆ ಮನೆಯವರು ದಿನಕ್ಕೆ ಸರಾಸರಿ 5 ಗಂಟೆ ಕೊಡುತ್ತಾರೆ. ಆ ಗಂಟೆಗಳಲ್ಲಿ ಶೇಕಡಾ 70ರಷ್ಟು ಹೆಂಗಸರವು. ಸ್ವಲ್ಪ ಗುಣಾಕಾರ ಮಾಡೋಣ. ದಿನಕ್ಕೆ 5 ಗಂಟೆಯೆಂದರೆ ವರ್ಷಕ್ಕೆ 1,825 ಗಂಟೆ. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ 228 ದಿನ. ರಜೆಗಳನ್ನು ಕಳೆದು ಕಚೇರಿಯ ನೌಕರನೊಬ್ಬ ವರ್ಷದಲ್ಲಿ ದುಡಿಯುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಅಂದರೆ ಮರೆವಿನ ರೋಗಿಯಿರುವ ಪ್ರತಿ ಮನೆಯಲ್ಲೂ ಒಂದು ಪೂರ್ಣಾವಧಿ ಉದ್ಯೋಗ ನಡೆಯುತ್ತಿದೆ. ಅದಕ್ಕೆ ನೇಮಕಾತಿಯ ಆದೇಶವಿಲ್ಲ, ಭಾನುವಾರವಿಲ್ಲ, ಭವಿಷ್ಯನಿಧಿಯಿಲ್ಲ, ನಿವೃತ್ತಿಯ ದಿನವೂ ಗೊತ್ತಿಲ್ಲ.

ಬಾಣಂತನವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿಯೂ ನಿದ್ದೆಗೆಟ್ಟ ರಾತ್ರಿಗಳಿವೆ, ಬಟ್ಟೆ ಒಗೆಯುವುದಿದೆ, ತುತ್ತು ತಿನ್ನಿಸುವುದಿದೆ. ಆದರೆ ಬಾಣಂತನಕ್ಕೆ ಮೂರು ತಿಂಗಳು, ಐದು ತಿಂಗಳು ಎಂಬ ಗಡುವಿದೆ, ತವರಿನವರ ಕೈಯಿದೆ, ಮಗು ದಿನದಿನಕ್ಕೆ ಒಂದೊಂದನ್ನು ಕಲಿಯುತ್ತ ಸೇವೆಯ ಋಣವನ್ನು ನಗೆಯಲ್ಲಿ ತೀರಿಸುತ್ತದೆ. ಇಲ್ಲಿ ದಿನದಿನಕ್ಕೆ ಒಂದೊಂದು ಕಳೆಯುತ್ತದೆ. ಇದು ಐದು ವರ್ಷವೊ ಹತ್ತು ವರ್ಷವೊ ಹೇಳುವವರಿಲ್ಲ. ಕೊನೆಗೊಂದು ದಿನ, 'ನೀನು ಯಾರಮ್ಮ?' ಎಂಬ ಪ್ರಶ್ನೆಯೇ ಸೇವೆಗೆ ಸಿಕ್ಕುವ ಪ್ರತಿಫಲ.

ಇನ್ನೊಂದು ಅಂಕಿಯನ್ನು ಕೇಳಿ. ಈ ರೋಗಿಗಳಲ್ಲಿ ಶೇಕಡಾ 61ರಷ್ಟು ಮಂದಿ ಇರುವುದು ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ. ಒಟ್ಟು ವೆಚ್ಚದಲ್ಲಿ ಆ ದೇಶಗಳ ಪಾಲು ಶೇಕಡಾ 26. ಉಳಿದ 74 ಪಾಲು ಸಿರಿವಂತ ದೇಶಗಳದ್ದು. ಇದನ್ನು ಓದಿದ ಅವಸರದವನೊಬ್ಬ, ನಮ್ಮ ಕೂಡುಕುಟುಂಬಗಳಿಂದಾಗಿ ಆರೈಕೆ ನಮಗೆ ಅಗ್ಗವಾಗಿದೆ ಎಂದು ಹೆಮ್ಮೆಪಟ್ಟಾನು. ಲೆಕ್ಕದ ಮೇಷ್ಟ್ರು ಹಾಗೆ ಒಪ್ಪಲಾರ. ಮನೆಯ ಆರೈಕೆಗೆ ಬೆಲೆ ಕಟ್ಟುವಾಗ ಆ ದೇಶದ ಕೂಲಿಯ ದರವನ್ನು ಹಿಡಿಯುತ್ತಾರೆ. ಎಲ್ಲಿ ಕೂಲಿ ಕಡಿಮೆಯೊ ಅಲ್ಲಿ ಸೊಸೆಯ ರಾತ್ರಿಯ ನಿದ್ದೆಯೂ ಅಗ್ಗ. ನಮ್ಮಲ್ಲಿ ವೆಚ್ಚ ಕಡಿಮೆಯೆಂದು ತೋರುವುದು ರೋಗ ಹಗುರವಾಗಿರುವುದರಿಂದಲ್ಲ. ಹೊರುವವರ ಹೊತ್ತಿಗೆ ನಾವು ಬೆಲೆ ಇಡದಿರುವುದರಿಂದ. 2024ರ ಸರ್ಕಾರಿ ಸಮಯ ಬಳಕೆಯ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದವರ ಪೈಕಿ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷವನ್ನೂ, ಗಂಡಸರು 74 ನಿಮಿಷವನ್ನೂ ಕೊಡುತ್ತಿದ್ದರು. ಆ ಕೆಲಸದಲ್ಲಿ ತೊಡಗಿದವರೇ ಹೆಂಗಸರಲ್ಲಿ ನೂರಕ್ಕೆ 41 ಮಂದಿ. ಗಂಡಸರಲ್ಲಿ ನೂರಕ್ಕೆ ಸುಮಾರು 21 ಮಂದಿ. ಹೊತ್ತಿನ ತಕ್ಕಡಿ ಯಾವ ಕಡೆ ವಾಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಹಣವಿಲ್ಲದ ಕಷ್ಟವೊಂದು ಬಗೆ. ಹಣವಿದ್ದೂ ಮುಟ್ಟಲಾಗದ ಕಷ್ಟ ಇನ್ನೊಂದು ಬಗೆ. ನಾನು ಹೇಳಿದ ತಾಯಿಗೆ ಪಿಂಚಣಿ ಬರುತ್ತಿತ್ತು. ಬ್ಯಾಂಕಿನಲ್ಲಿ ಠೇವಣಿಯೂ ಇತ್ತು. ಸಹಿ ಮಾಡುವುದು ಮರೆತುಹೋದ ಮೇಲೆ ಆ ಹಣ ಗಾಜಿನ ಆಚೆಯ ಹಣ್ಣಾಯಿತು. ಅಧಿಕಾರಪತ್ರವಿದ್ದರೆ ಸಾಕಲ್ಲ ಎಂದು ಹಲವರು ತಿಳಿದಿದ್ದಾರೆ. 1872ರ ಕರಾರು ಕಾಯಿದೆಯ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಂತಾದಾಗ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಯಾವಾಗ ಅದು ನಿಜವಾಗಿ ಬೇಕೊ ಆಗಲೇ ಅದು ಇಲ್ಲವಾಗುತ್ತದೆ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಇಂಥವರ ಆಸ್ತಿಗೆ ಪಾಲಕರನ್ನು ನೇಮಿಸುವ ಅಧ್ಯಾಯವೊಂದಿತ್ತು. 2017ರ ಹೊಸ ಕಾಯಿದೆ ರೋಗಿಯ ಹಕ್ಕುಗಳನ್ನು ಬಹಳ ಮಟ್ಟಿಗೆ ವಿಸ್ತರಿಸಿತಾದರೂ ಆಸ್ತಿಯ ಆ ಅಧ್ಯಾಯವನ್ನು ಮುಂದುವರಿಸಲಿಲ್ಲ. ಹೀಗಾಗಿ ಎಷ್ಟೋ ಕುಟುಂಬಗಳು ತಾಯಿಯ ಹಣವನ್ನು ತಾಯಿಗಾಗಿ ತೆಗೆಯಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗಿದೆ. ರೋಗ ಎಳೆಯದಾಗಿರುವಾಗಲೇ, ಹಿರಿಯರಿಗೆ ತಿಳಿವು ಇರುವಾಗಲೇ, ಅವರ ಒಪ್ಪಿಗೆಯಿಂದ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವುಗಳನ್ನು ಮಾಡಿಕೊಳ್ಳುವುದು ದುರಾಸೆಯಲ್ಲ, ವಿವೇಕ. 'ಅರಳು ಮರಳು' ಎಂದು ನಕ್ಕು ಕಳೆದ ಎರಡು ವರ್ಷಗಳಲ್ಲಿ ಆ ಬಾಗಿಲು ಮುಚ್ಚಿರುತ್ತದೆ.

ಸರ್ಕಾರ ಏನೂ ಮಾಡಿಲ್ಲವೆ ಎಂದರೆ, ಮಾಡಿದೆ. 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡಿಸುವ ಅಧಿಕಾರ ಅದರಲ್ಲಿದೆ. ಕೈಬಿಟ್ಟ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕಾಯಿದೆ ಅದು. ಕೈಬಿಡದೆ ನೋಡಿಕೊಂಡು ಸೋತುಹೋಗುತ್ತಿರುವ ಮಕ್ಕಳಿಗೆ ಅದರಲ್ಲಿ ಹೇಳುವಂಥದೇನೂ ಇಲ್ಲ. 2024ರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆಯನ್ನು ವಿಸ್ತರಿಸಿದರು. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ಸಿಕ್ಕುತ್ತದೆ. ಒಳ್ಳೆಯದೇ. ಆದರೆ ಮರೆವಿನ ರೋಗಿ ಆಸ್ಪತ್ರೆಯಲ್ಲಿ ಮಲಗುವುದು ಅಪರೂಪ. ಆತನ ಖರ್ಚೆಲ್ಲ ಮನೆಯ ನಡುಕೋಣೆಯಲ್ಲಿ, ಬಚ್ಚಲಲ್ಲಿ, ಮುಚ್ಚಿದ ಗೇಟಿನ ಬಳಿ ಆಗುತ್ತದೆ. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸಿನ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯದ ಕಾರ್ಯಕ್ರಮ ಈ ರೋಗವನ್ನು ಬೇಗ ಗುರುತಿಸುವ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಗುರುತಿಸಿದ ಮೇಲೆ ನಾಳೆ ಬೆಳಗ್ಗೆಯಿಂದ ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಇಲ್ಲಿ ಕೆಲವರು ಮುಖ ಸಿಂಡರಿಸಬಹುದು. ತಾಯಿಯ ಸೇವೆಗೂ ಬೆಲೆಚೀಟಿ ಅಂಟಿಸುವುದೆ? ನಮ್ಮ ಸಂಸ್ಕೃತಿಗೆ ಇದು ತಕ್ಕುದೆ? ಪ್ರಶ್ನೆಯಲ್ಲಿ ಗೌರವವಿದೆ, ನಾನೂ ಅದನ್ನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ. ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೆ ಪ್ರೀತಿ ಮಾಡುವವರಿಗೂ ಬೆನ್ನು ನೋಯುತ್ತದೆ, ನಿದ್ದೆ ಬೇಕಾಗುತ್ತದೆ, ಅವರಿಗೂ ಮುಪ್ಪು ಬರುತ್ತದೆ, ಆಗ ಅವರ ಕೈಯಲ್ಲಿ ಪಿಂಚಣಿ ಇರುವುದಿಲ್ಲ. ಒಂದು ವೆಚ್ಚವನ್ನು ಪುಸ್ತಕದಲ್ಲಿ ಬರೆಯದಿದ್ದರೆ ಅದು ಇಲ್ಲದಂತಾಗುವುದಿಲ್ಲ. ಮನೆಯಲ್ಲಿ ಯಾರ ದನಿ ಎಲ್ಲಕ್ಕಿಂತ ಕೆಳಗಿದೆಯೊ ಅವರ ಹೆಸರಿಗೆ ಸದ್ದಿಲ್ಲದೆ ಖರ್ಚು ಬೀಳುತ್ತದೆ. ಇದು ಲೆಕ್ಕಶಾಸ್ತ್ರದ ಪಾಠ. ನೀತಿಶಾಸ್ತ್ರವೂ ಇದನ್ನು ಅಲ್ಲಗಳೆಯಲಾರದೆಂದು ನನ್ನ ಎಣಿಕೆ.

ಹೆತ್ತವರ ಸೇವೆಯನ್ನು ನಮ್ಮಷ್ಟೇ, ಒಂದು ಕೈ ಹೆಚ್ಚಾಗಿಯೇ, ಎತ್ತಿಹಿಡಿದ ನಾಡು ಜಪಾನು. ಅಲ್ಲಿ ಏನಾಯಿತೆಂಬುದನ್ನು ನೋಡಿದರೆ ನಮ್ಮ ಸಂಕೋಚ ಸ್ವಲ್ಪ ಕರಗೀತು. 2000ದ ಏಪ್ರಿಲಿನಲ್ಲಿ ಅವರು ದೀರ್ಘಕಾಲದ ಆರೈಕೆಗೆಂದೇ ಒಂದು ಕಡ್ಡಾಯ ವಿಮೆಯನ್ನು ಜಾರಿಗೆ ತಂದರು. ನಲವತ್ತು ತುಂಬಿದ ಪ್ರತಿಯೊಬ್ಬರೂ ಕಂತು ಕಟ್ಟಬೇಕು. ಖರ್ಚಿನ ಅರ್ಧ ತೆರಿಗೆಯಿಂದ, ಅರ್ಧ ಈ ಕಂತಿನಿಂದ. ಮುಪ್ಪಿನಲ್ಲಿ ನೆರವು ಬೇಕಾದಾಗ ಮನೆಗೆ ಬರುವ ಸಹಾಯಕರು, ಹಗಲು ಹೊತ್ತಿನ ಆರೈಕೆ ಕೇಂದ್ರ ಮುಂತಾದ ಸೇವೆಗಳು ಸಿಕ್ಕುತ್ತವೆ. ವೆಚ್ಚದ ಹತ್ತರಲ್ಲೊಂದು ಪಾಲನ್ನು ಪಡೆಯುವವರು ಕೊಟ್ಟರೆ ಸಾಕು, ವರಮಾನ ಹೆಚ್ಚಿದ್ದವರು ಇನ್ನಷ್ಟು ಕೊಡಬೇಕು. ಮನೆಯವರ ಕೈಗೆ ಹಣವನ್ನೇ ಕೊಡಬಾರದೆ ಎಂಬ ಚರ್ಚೆ ಎದ್ದಾಗ ಮಹಿಳೆಯರ ಸಂಘಟನೆಗಳು ಬೇಡವೆಂದವು. ಹಣ ಕೊಟ್ಟರೆ ಸೊಸೆ ಮತ್ತೆ ಮನೆಯಲ್ಲೇ ಕಟ್ಟುಬೀಳುತ್ತಾಳೆ. ಕೊಡುವುದಾದರೆ ಆಕೆಯ ಕೈಗೆ ಬಿಡುವು ಕೊಡಿ ಎಂಬುದು ಅವರ ವಾದ. ಜರ್ಮನಿ 1995ರಲ್ಲಿ ಇಂಥದೇ ವಿಮೆಯನ್ನು ತಂದಾಗ ಹಣವನ್ನೂ ಕೊಟ್ಟಿತು, ನೋಡಿಕೊಳ್ಳುವ ಮನೆಯವರ ಪಿಂಚಣಿಗೆ ಕಂತನ್ನೂ ಕಟ್ಟಿತು. ದಾರಿ ಬೇರೆ ಬೇರೆ. ಎರಡೂ ನಾಡುಗಳು ಒಪ್ಪಿದ್ದು ಒಂದೇ ಮಾತನ್ನು, ಈ ಹೊರೆ ಒಂದು ಮನೆಯದಾಗಿ ಉಳಿಯಬಾರದು ಎಂಬುದನ್ನು.

2004ರಲ್ಲಿ ಜಪಾನು ಇನ್ನೊಂದು ಕೆಲಸ ಮಾಡಿತು. ಅದುವರೆಗೆ ಈ ರೋಗಕ್ಕೆ ಅವರ ಭಾಷೆಯಲ್ಲಿದ್ದ ಹೆಸರು ದಡ್ಡತನ, ಮಂಕು ಎಂಬ ಅರ್ಥದ್ದು. ಅದನ್ನು ಸರ್ಕಾರವೇ ಕೈಬಿಟ್ಟು, ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂಬರ್ಥದ ಹೊಸ ಪದವನ್ನು ಬಳಕೆಗೆ ತಂದಿತು. ಹೆಸರು ಬದಲಾದರೆ ರೋಗ ವಾಸಿಯಾಗದು ನಿಜ. ಆದರೆ ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ವೈದ್ಯರ ಮುಂದೆ ತರಲು ಬಾಯಿಗೆ ಒಂದು ಮರ್ಯಾದೆಯ ಮಾತು ಬೇಕು.

ಇಷ್ಟೆಲ್ಲ ಮಾಡಿದ ನಾಡಿನಲ್ಲಿಯೂ ಹೊರೆ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಒಂದು ಮೊಕದ್ದಮೆ ಸಾಕ್ಷಿ. 2007ರಲ್ಲಿ ಐಚಿ ಪ್ರಾಂತದ ಓಬು ಎಂಬಲ್ಲಿ ಈ ರೋಗವಿದ್ದ 91 ವರ್ಷದ ವೃದ್ಧರೊಬ್ಬರು ಮನೆಯಿಂದ ಹೊರಟು ರೈಲಿಗೆ ಸಿಕ್ಕಿ ಸತ್ತರು. ಆ ಹೊತ್ತಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಡತಿಗೆ 85 ವರ್ಷ. ಆಕೆಗೆ ಕೊಂಚ ಜೊಂಪು ಹತ್ತಿತ್ತು. ಮಾವನ ಆರೈಕೆಗೆಂದು ಹಿರಿಯ ಸೊಸೆ ದೂರದ ಊರಿನಿಂದ ಬಂದು ಹತ್ತಿರವೇ ನೆಲೆಸಿದ್ದಳು. ರೈಲುಗಳು ತಡವಾದದ್ದರ ನಷ್ಟವನ್ನು ಕಟ್ಟಿಕೊಡಬೇಕೆಂದು ರೈಲ್ವೆ ಕಂಪನಿ ಕುಟುಂಬದ ಮೇಲೆ ದಾವೆ ಹೂಡಿತು. 2013ರಲ್ಲಿ ಕೆಳಗಿನ ನ್ಯಾಯಾಲಯ ಹೆಂಡತಿಯೂ ಹಿರಿಯ ಮಗನೂ ಸುಮಾರು 72 ಲಕ್ಷ ಯೆನ್ ಕೊಡಬೇಕೆಂದಿತು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ಅರ್ಧಕ್ಕಿಳಿಸಿ ಹೆಂಡತಿಯೊಬ್ಬಳ ಮೇಲೆ ಹೊರಿಸಿತು. 2016ರ ಮಾರ್ಚಿ 1ರಂದು ಸರ್ವೋಚ್ಚ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿ, ಈ ಕುಟುಂಬ ಹೊಣೆಯಲ್ಲ ಎಂದು ತೀರ್ಪಿತ್ತಿತು. ಎಂಬತ್ತೈದರ ಮುದುಕಿಯ ಒಂದು ಜೊಂಪಿಗೆ ಇಷ್ಟು ಬೆಲೆಯೆ ಎಂದು ಆ ದೇಶವೆಲ್ಲ ಕೇಳಿಕೊಂಡಿತು. ಇಂದಿಗೂ ಆ ಪ್ರಶ್ನೆ ಅಲ್ಲಿ ಮುಗಿದಿಲ್ಲ. ಹಿರಿಯರನ್ನು ನೋಡಿಕೊಳ್ಳಲೆಂದು ಕೆಲಸ ಬಿಡುವವರು ವರ್ಷಕ್ಕೆ ಸುಮಾರು ಒಂದು ಲಕ್ಷ ಎಂದು 2022ರ ಅಲ್ಲಿನ ಸಮೀಕ್ಷೆ ತೋರಿಸಿತು.

ಜಪಾನಿನಷ್ಟು ಹಣ ನಮ್ಮಲ್ಲಿಲ್ಲ ಎನ್ನುವುದು ಸುಲಭದ ಉತ್ತರ. ಆದರೆ ನಮ್ಮದೇ ನೆಲದಲ್ಲಿ ಒಂದು ಮಾದರಿಯಿದೆ. 1975ರ ಅಕ್ಟೋಬರ್ 2ರಂದು ಮಕ್ಕಳ ಸಮಗ್ರ ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಮೊದಲು ಅದನ್ನು ತಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕೂಸನ್ನು ನೋಡಿಕೊಳ್ಳುವುದು ತಾಯಿಯ ಕೆಲಸ, ಅದಕ್ಕೆ ಸರ್ಕಾರವೇಕೆ ಎಂದು ಅಂದು ಯಾರಾದರೂ ಕೇಳಿದ್ದರೆ ಅದು ಅಸಹಜವಾಗಿ ತೋರುತ್ತಿರಲಿಲ್ಲ. ಇಂದು ಅಂಗನವಾಡಿಯಿಲ್ಲದ ಹಳ್ಳಿಯನ್ನು ಊಹಿಸುವುದೇ ಕಷ್ಟ. ತಾಯಿಯ ಪ್ರೀತಿ ಅದರಿಂದ ಕಡಿಮೆಯಾಗಲಿಲ್ಲ. ಆಕೆಗೆ ಹೊಲಕ್ಕೆ ಹೋಗಲು ನಾಲ್ಕು ಗಂಟೆ ಸಿಕ್ಕಿತು. ಮುಪ್ಪಿನ ಮರೆವಿಗೂ ಊರಿಗೊಂದು ಹಗಲು ಮನೆ ಬೇಕು. ಬೆಳಗ್ಗೆ ಬಿಟ್ಟು ಸಂಜೆ ಕರೆತರುವಂಥದು. ತರಬೇತಾದ ಇಬ್ಬರು, ಬೇಲಿಯಿರುವ ಅಂಗಳ, ಹಳೆಯ ಹಾಡುಗಳು, ಬಿಸಿ ಊಟ. ಇಂಥ ಕೇಂದ್ರಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕೇರಳದಲ್ಲಿ 1992ರಲ್ಲಿ ಹುಟ್ಟಿದ ಆಲ್ಜೈಮರ್ ರೋಗಿಗಳ ಸಂಘ ಆ ದಿಕ್ಕಿನಲ್ಲಿ ದುಡಿಯುತ್ತ ಬಂದಿದೆ. ಬೆಂಗಳೂರಿನಲ್ಲಿಯೂ ಸೇವಾಸಂಸ್ಥೆಗಳು ನಡೆಸುತ್ತಿರುವ ಕೇಂದ್ರಗಳಿವೆ. ಆದರೆ 88 ಲಕ್ಷದ ಎದುರಿಗೆ ಅವು ಕೆರೆಗೆ ಬಿದ್ದ ನಾಲ್ಕು ಹನಿ.

ಹೊರೆ ಬೀಳುವ ಮೊದಲೇ ಅದನ್ನು ಹಗುರಮಾಡುವ ದಾರಿಯೂ ಉಂಟು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಈ ರೋಗಕ್ಕೆ ಎಡೆಮಾಡುವ 14 ಕಾರಣಗಳನ್ನು ಪಟ್ಟಿಮಾಡಿ, ಅವುಗಳನ್ನು ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿತು. ಎಳವೆಯಲ್ಲಿ ಶಾಲೆಯಿಲ್ಲದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ ಅವುಗಳಲ್ಲಿ ಸೇರಿವೆ. ಇವುಗಳಲ್ಲಿ ಯಾವುದಕ್ಕೂ 26,500 ಡಾಲರ್ ಬೇಕಾಗಿಲ್ಲ. ಹೆಣ್ಣುಮಗುವನ್ನು ಶಾಲೆಗೆ ಕಳುಹಿಸುವುದು ಅರವತ್ತು ವರ್ಷದ ಮೇಲೆ ಆಕೆಯ ಮಿದುಳನ್ನು ಕಾಯುವ ಕೆಲಸವೂ ಹೌದು. ಅಜ್ಜಿಗೆ ಕಿವಿಯ ಯಂತ್ರ ಕೊಡಿಸುವುದು, ಕಣ್ಣಿನ ಪೊರೆ ತೆಗೆಸುವುದು, ಬಿ.ಪಿ. ನೋಡಿಸುವುದು, ಸಂಜೆ ಅವರೊಡನೆ ಒಂದು ಗಳಿಗೆ ಕುಳಿತು ಮಾತನಾಡುವುದು, ಇವೂ ಮನೆಯ ಉಳಿತಾಯವೇ.

ನಾನು ಕೇಳುತ್ತಿರುವುದು ಬಹಳವೇನಲ್ಲ. ಮುಪ್ಪಿನ ಈ ಮರೆವನ್ನು ನಗೆಮಾತಿನ ಬದಲು ರೋಗವೆಂದು ಕರೆಯೋಣ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಕೆಲಸವೆಂದು ಬರೆದಿಡೋಣ: ಮನೆಯ ಪುಸ್ತಕದಲ್ಲಿಯೂ, ಆಯವ್ಯಯದ ಪುಸ್ತಕದಲ್ಲಿಯೂ. ಬರೆದ ಮೇಲೆ ಅದನ್ನು ಹಂಚಿಕೊಳ್ಳುವ ಮಾತು ತಾನಾಗಿ ಬರುತ್ತದೆ. ಮಗ ವಾರದಲ್ಲಿ ಎರಡು ರಾತ್ರಿ ಎಚ್ಚರವಿರಬಹುದು. ದೂರದೇಶದಲ್ಲಿರುವ ಮಗಳು ಹಣ ಕಳುಹಿಸುವುದರ ಜೊತೆಗೆ ತನ್ನ ರಜೆಯನ್ನೂ ಕಳುಹಿಸಬಹುದು. ನಗರಸಭೆ ಒಂದು ಹಗಲು ಮನೆಯನ್ನು ತೆರೆಯಬಹುದು. ಸರ್ಕಾರ ನೋಡಿಕೊಳ್ಳುವವರ ಮುಪ್ಪಿಗೂ ಒಂದು ಕಂತು ಕಟ್ಟಬಹುದು.

ಇದನ್ನು ಕೇಳುತ್ತಿರುವವರಲ್ಲಿ ಎಷ್ಟೋ ಮಂದಿ ಈ ಹೊತ್ತು ಒಂದು ಕಣ್ಣನ್ನು ಪಕ್ಕದ ಕೋಣೆಯ ಕಡೆಗೆ ಇಟ್ಟುಕೊಂಡೇ ಕೇಳುತ್ತಿರಬಹುದು. ಅವರಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಅವರ ಮನೆಗೆ ಹೋಗುವ ನೆಂಟರಿಗೆ ಮಾತ್ರ ಒಂದು ಮಾತು. ಹಣ್ಣು ಹಿಡಿದು ಹೋಗಿ, 'ಅವರಿಗೆ ನನ್ನ ಗುರುತು ಸಿಕ್ಕಲಿಲ್ಲ' ಎಂದು ಮರುಗಿ ಹಿಂದಿರುಗಬೇಡಿ. ನೋಡಿಕೊಳ್ಳುತ್ತಿರುವಾಕೆಗೆ, 'ನೀನು ಸ್ವಲ್ಪ ಹೊರಗೆ ಹೋಗಿ ಬಾ ತಾಯಿ, ಸಂಜೆಯವರೆಗೆ ನಾನಿರುತ್ತೇನೆ' ಎನ್ನಿ. ಆ ನಾಲ್ಕು ಗಂಟೆ ಯಾವ ಹಣ್ಣಿಗಿಂತಲೂ ದೊಡ್ಡ ಕಾಣಿಕೆ.